ಡೇವಿಟ್‌ಗೆ ಡಿಂಗಿ ಎತ್ತಿ ಕಟ್ಟುವುದು: ಹಗ್ಗ, ಕಪ್ಪಿ, ಭಾರದ ಲೆಕ್ಕ

ಆನಾಪೊಲಿಸ್ ಅಲೆ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಆನಾಪೊಲಿಸ್ ಪಕ್ಕದಲ್ಲಿ ಇದ್ದೇವೆ. ನಾನು, ನನ್ನ ಯಜಮಾನರು ಸೇರಿ 38 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದೇವೆ. ಬೇಸಿಗೆಯಲ್ಲಿ ಚೆಸಾಪೀಕ್ ಕೊಲ್ಲಿಯಲ್ಲಿ ಓಡಾಡುವುದು, ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ಇಳಿದು ಬಹಾಮಾಸ್ ಕಡೆ ಹೋಗುವುದು ಅಂತ ಆಸೆ.

ದೋಣಿಯ ಹಿಂದುಗಡೆ ಸ್ಟೀಲ್ ಪೈಪಿನ ಎರಡು ಡೇವಿಟ್ ಇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ನೀರಿನ ಮೇಲೆ ಚಾಚಿಕೊಂಡಿರುವ ಎರಡು ಬಾಗಿದ ತೋಳುಗಳು. ದಡಕ್ಕೆ ಹೋಗಿ ಬರುವ ಸಣ್ಣ ದೋಣಿಯನ್ನು, ಅಂದರೆ ಡಿಂಗಿಯನ್ನು, ಅವುಗಳಿಂದ ನೇತುಹಾಕಿ ಇಡುತ್ತಾರೆ. ಹಿಂದಿನ ಮಾಲೀಕರು ಗಾಳಿ ತುಂಬುವ ಹಗುರ ಡಿಂಗಿ ಇಟ್ಟುಕೊಂಡಿದ್ದರು. ನಾವು ತಗೊಂಡಿರುವುದು ಅಲ್ಯೂಮಿನಿಯಂ ತಳ, ಸುತ್ತ ಗಾಳಿಯ ಟ್ಯೂಬ್ ಇರುವ 3.1 ಮೀಟರ್ ರಿಬ್. ಅದಕ್ಕೆ 9.9 ಎಚ್‌ಪಿ ಫೋರ್ ಸ್ಟ್ರೋಕ್ ಮೋಟಾರ್.

ಡಿಂಗಿಯ ಒಳಗೆ ಎತ್ತುವುದಕ್ಕೆ ಅಂತಲೇ ಮೂರು ಕಣ್ಣುಗಳಿವೆ. ಹಿಂದಿನ ಹಲಗೆಯಲ್ಲಿ ಎರಡು, ಮೂತಿಯ ಹತ್ತಿರ ಒಂದು. ಡೇವಿಟ್ ಜೊತೆ ಬಂದ ಹಳೆಯ ಹಗ್ಗ, ಕಪ್ಪಿ, ಪ್ಲಾಸ್ಟಿಕ್ ಸುತ್ತಿದ ತಂತಿ ಎಲ್ಲಾ ಹಾಗೇ ಇವೆ. ಅದನ್ನೇ ಬಳಸಬಹುದಾ? ಮೋಟಾರ್ ಸಮೇತ ಎತ್ತಬಹುದಾ? ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ. ನನಗೆ ಹಾಯಿ ಕಟ್ಟಲು ಬರುತ್ತದೆ, ಆದರೆ ಭಾರ ನೇತುಹಾಕುವ ವಿಷಯ ಹೊಸದು.

ಸುರತ್ಕಲ್ ಡೆಕ್

ಅಕ್ಕಾ, ಒಳ್ಳೆಯ ಪ್ರಶ್ನೆ. ನಾನು ಸರಕು ಹಡಗಿನಲ್ಲಿ ಡೆಕ್ ಆಫೀಸರ್. ಈಗ ರಜೆಯಲ್ಲಿ ಊರಲ್ಲಿದ್ದೇನೆ. ನಮ್ಮದು ದೊಡ್ಡ ಲೈಫ್‌ಬೋಟ್, ನಿಮ್ಮದು ಸಣ್ಣ ಡಿಂಗಿ. ಆದರೂ ಅಪಾಯದ ಸ್ವಭಾವ ಒಂದೇ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಡಿಂಗಿ ಮೇಲೇರುವಾಗ, ಇಳಿಯುವಾಗ ಅದರೊಳಗೆ ಯಾರೂ ಇರಬಾರದು. ಮಕ್ಕಳು ಬಂದಾಗ, ಕೂತ್ಕೊಳ್ಳಿ ಹಾಗೇ ಎತ್ತುತ್ತೇವೆ ಅನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೆಳಗೆ ಈಜುವವರು ಇರುವಾಗಲೂ ಬೇಡ.

2013ರ ಫೆಬ್ರವರಿಯಲ್ಲಿ ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ ಥಾಮ್ಸನ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗು ಕಟ್ಟೆಗೆ ಕಟ್ಟಿತ್ತು. ಲೈಫ್‌ಬೋಟ್ ಡ್ರಿಲ್ ಮಾಡುತ್ತಿದ್ದರು. ಬೋಟನ್ನು ಮೇಲಕ್ಕೆ ಎತ್ತುವಾಗ ಒಂದು ಕಡೆಯ ತಂತಿಹಗ್ಗ ತುಂಡಾಯಿತು. ಬೋಟ್ ತಲೆಕೆಳಗಾಗಿ ನೀರಿಗೆ ಬಿತ್ತು. ಒಳಗಿದ್ದ ಸಿಬ್ಬಂದಿಯಲ್ಲಿ ಐದು ಜನ ಸತ್ತರು. ತಂತಿ ಒಳಗಿನಿಂದ ತುಕ್ಕು ಹಿಡಿದಿತ್ತು. ಅದು ತುಂಡಾದದ್ದೂ ಬೋಟ್ ಕಟ್ಟಿಟ್ಟಾಗ ಕಪ್ಪಿಯ ಮೇಲೆ ಕೂರುವ ಜಾಗದಲ್ಲಿ. ಯಾರೂ ಸುಲಭವಾಗಿ ನೋಡದ ಜಾಗ ಅದು. 2016ರ ಸೆಪ್ಟೆಂಬರಿನಲ್ಲಿ ಮಾರ್ಸೇಯಲ್ಲಿ ಹಾರ್ಮನಿ ಆಫ್ ದಿ ಸೀಸ್ ಹಡಗಿನಲ್ಲೂ ಡ್ರಿಲ್ ಹೊತ್ತಿಗೇ ಲೈಫ್‌ಬೋಟ್ ಬಿದ್ದು ಒಬ್ಬರು ಸತ್ತರು. ಎರಡೂ ಕಡೆ ಹಡಗು ಬಂದರಿನಲ್ಲಿತ್ತು. ಬಿರುಗಾಳಿ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಪ್ಲಾಸ್ಟಿಕ್ ಸುತ್ತಿದ ಆ ತಂತಿಯನ್ನು ಇವತ್ತೇ ಬಿಚ್ಚಿ ಎಸೆಯಿರಿ. ಪ್ಲಾಸ್ಟಿಕ್ ಒಳಗೆ ಉಪ್ಪುನೀರು ಹೋಗಿ ಕೂತರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಹಡಗಿನಲ್ಲಿ ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ನಿಯಮದ ಪ್ರಕಾರ ಲೈಫ್‌ಬೋಟಿನ ತಂತಿಹಗ್ಗವನ್ನು ಹೆಚ್ಚೆಂದರೆ 5 ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹಾಳಾಗಿದ್ದರೆ ಅದಕ್ಕೂ ಮುಂಚೆಯೇ. ನೋಡಲು ಚೆನ್ನಾಗಿದೆ ಅನ್ನುವುದು ಅಲ್ಲಿ ನೆಪವಾಗುವುದಿಲ್ಲ. ನಿಮ್ಮ ದೋಣಿಗೆ ಆ ಕಾನೂನು ಅನ್ವಯಿಸುವುದಿಲ್ಲ, ಆದರೆ ಅದರ ಹಿಂದಿನ ಬುದ್ಧಿ ಅನ್ವಯಿಸುತ್ತದೆ.

ಬಲದ ಲೆಕ್ಕ

ನಾನು ಬೆಂಗಳೂರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ದೋಣಿ ಅನುಭವ ಕಡಿಮೆ, ಆದರೆ ಕ್ರೇನಿನಲ್ಲಿ ಭಾರ ಎತ್ತಿಸುವುದು ನನ್ನ ದಿನನಿತ್ಯದ ಕೆಲಸ. ಅಂಕಿ ಕೊಟ್ಟರೆ ಲೆಕ್ಕ ಹಾಕಿಕೊಡುತ್ತೇನೆ. ಡಿಂಗಿಯ ತೂಕ, ಮೋಟಾರಿನ ತೂಕ, ಹಿಂದಿನ ಕಣ್ಣಿಗೂ ಮುಂದಿನ ಕಣ್ಣಿಗೂ ಎಷ್ಟು ದೂರ, ಎರಡು ಡೇವಿಟ್ ನಡುವೆ ಎಷ್ಟು ಅಂತರ, ತೋಳು ಎಷ್ಟು ಹೊರಗೆ ಚಾಚಿದೆ, ಬುಡದ ಬೋಲ್ಟ್‌ಗಳ ನಡುವೆ ಎಷ್ಟು ಅಂತರ. ಇಷ್ಟು ಬೇಕು.

ಆನಾಪೊಲಿಸ್ ಅಲೆ

ಇವತ್ತು ಟೇಪ್ ಹಿಡಿದು ಅಳೆದೆವು. ಡಿಂಗಿ 60 ಕೆಜಿ, ಮೋಟಾರ್ 40 ಕೆಜಿ, ಪೆಟ್ರೋಲ್ ತುಂಬಿದ ಟ್ಯಾಂಕ್ 12 ಕೆಜಿ, ಮೂತಿಯ ಹತ್ತಿರ ಲಂಗರು ಮತ್ತು ಸರಪಳಿ 8 ಕೆಜಿ. ಒಟ್ಟು 120. ಮುಂದಿನ ಕಣ್ಣಿಗೂ ಹಿಂದಿನ ಕಣ್ಣುಗಳಿಗೂ 2.6 ಮೀಟರ್. ಡೇವಿಟ್‌ಗಳ ನಡುವೆ 1.8 ಮೀಟರ್. ತೋಳು 90 ಸೆಂಟಿಮೀಟರ್ ಹೊರಗಿದೆ. ಬುಡದಲ್ಲಿ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವೆ 15 ಸೆಂಟಿಮೀಟರ್. ಹಿಂದಿನ ಹಲಗೆಯ ಎರಡು ಕಣ್ಣುಗಳ ನಡುವೆ 80 ಸೆಂಟಿಮೀಟರ್. ಡೇವಿಟ್ ಮೇಲೆ ಎಷ್ಟು ಭಾರ ಹೊರುತ್ತದೆ ಎಂಬ ಚೀಟಿ ಎಲ್ಲೂ ಇಲ್ಲ.

ಬಲದ ಲೆಕ್ಕ

ಥ್ಯಾಂಕ್ಸ್ ಮೇಡಂ. ನೋಡಿ.

120 ಕೆಜಿಯನ್ನು ಎರಡು ಡೇವಿಟ್ ಅರ್ಧರ್ಧ ಹಂಚಿಕೊಳ್ಳುತ್ತವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಡಿಂಗಿ ದೊಡ್ಡ ದೋಣಿಗೆ ಅಡ್ಡಲಾಗಿ ನೇತಾಡುತ್ತದೆ, ಮೂತಿ ಒಂದು ಡೇವಿಟ್‌ಗೆ, ಹಿಂಭಾಗ ಇನ್ನೊಂದಕ್ಕೆ. ಮೋಟಾರ್ ಪೂರ್ತಿ ಹಿಂದಿನ ತುದಿಯಲ್ಲಿದೆ, ಕಣ್ಣುಗಳಿಗಿಂತಲೂ ಸ್ವಲ್ಪ ಆಚೆ. ಖಾಲಿ ಡಿಂಗಿಯ ಭಾರದ ಕೇಂದ್ರ ಹಿಂದಿನಿಂದ ಸುಮಾರು 1.2 ಮೀಟರ್ ಮುಂದಿದೆ ಅಂತ ಹಿಡಿದರೆ, ಮೋಟಾರ್ ಇರುವ ಕಡೆಯ ಡೇವಿಟ್‌ಗೆ ಸುಮಾರು 85 ಕೆಜಿ, ಮೂತಿಯ ಕಡೆಯ ಡೇವಿಟ್‌ಗೆ ಸುಮಾರು 35 ಕೆಜಿ ಬೀಳುತ್ತದೆ. ಒಂದು ತೋಳು ಇನ್ನೊಂದರ ಎರಡೂವರೆ ಪಟ್ಟು ಹೊರುತ್ತಿದೆ.

ಈಗ ಮೋಟಾರನ್ನೂ ಟ್ಯಾಂಕನ್ನೂ ಇಳಿಸಿ ನೋಡಿ. ಉಳಿಯುವುದು 68 ಕೆಜಿ. ಹಿಂದೆ 33, ಮುಂದೆ 35. ತಕ್ಕಡಿ ಸಮವಾಯಿತು. ಒಟ್ಟು ಭಾರ ಅರ್ಧಕ್ಕೆ ಹತ್ತಿರ ಇಳಿದಿರಬಹುದು, ಆದರೆ ಕಷ್ಟದಲ್ಲಿದ್ದ ಆ ಒಂದು ತೋಳಿನ ಭಾರ 85ರಿಂದ 33ಕ್ಕೆ ಇಳಿದಿದೆ.

ಬುಡದ ಕಡೆ ಬನ್ನಿ. 85 ಕೆಜಿ 90 ಸೆಂಟಿಮೀಟರ್ ಹೊರಗೆ ನೇತಾಡಿದರೆ ಬುಡವನ್ನು ಕಿತ್ತುಕೊಳ್ಳಲು ಸುಮಾರು 750 ನ್ಯೂಟನ್ ಮೀಟರ್ ತಿರುಚು ಬಲ. ಅದನ್ನು 15 ಸೆಂಟಿಮೀಟರ್ ಅಂತರದ ಬೋಲ್ಟ್‌ಗಳು ತಡೆಯಬೇಕು. ಅಂದರೆ ಮೇಲಿನ ಸಾಲಿನ ಬೋಲ್ಟ್‌ಗಳನ್ನು ಸುಮಾರು 500 ಕೆಜಿ ಬಲ ಹೊರಕ್ಕೆ ಎಳೆಯುತ್ತದೆ. ಇದು ದೋಣಿ ನಿಶ್ಚಲವಾಗಿದ್ದಾಗ. ಅಲೆಗೆ ಕುಲುಕಿ, ಡಿಂಗಿ ಎದ್ದು ಬಿದ್ದರೆ ಎರಡು ಪಟ್ಟು ಅಂತ ಹಿಡಿಯಿರಿ. ಒಂದು ಟನ್.

ಬೋಲ್ಟ್ ತುಂಡಾಗುವುದಿಲ್ಲ. ಒಳ್ಳೆಯ 10 ಎಂಎಂ ಸ್ಟೇನ್‌ಲೆಸ್ ಬೋಲ್ಟ್ ಇದನ್ನು ತಡೆಯುತ್ತದೆ. ಸೋಲುವುದು ಅದರ ಸುತ್ತಲಿನ ಫೈಬರ್‌ಗ್ಲಾಸ್. ಆದ್ದರಿಂದ ಒಳಗಡೆ ಇಳಿದು ನೋಡಿ. ನಟ್ ಕೆಳಗೆ ಬರೀ ಸಣ್ಣ ವಾಷರ್ ಇದೆಯಾ, ಅಥವಾ ಎಲ್ಲಾ ಬೋಲ್ಟ್ ಹಿಡಿದಿರುವ ದಪ್ಪ ತಗಡು ಇದೆಯಾ? ಬರೀ ವಾಷರ್ ಇದ್ದರೆ ಬೇರೆ ಯಾವುದನ್ನು ಮಾಡುವ ಮುಂಚೆ ಅದನ್ನು ಸರಿಮಾಡಿ.

ಮಲ್ಪೆ ದಕ್ಕೆ

ಹಗ್ಗದ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಮೀನುಗಾರಿಕೆಯ ಮನೆ. ಬೋಟಿನ ಹಗ್ಗ, ಬಲೆ, ಕಪ್ಪಿ ರಿಪೇರಿ ನೋಡುತ್ತಲೇ ಬೆಳೆದವನು.

ಅಕ್ಕ, ಎರಡು ಬೇರೆ ಬೇರೆ ಹಗ್ಗದ ಕೆಲಸ ಇದೆ ಇಲ್ಲಿ. ಕಪ್ಪಿಯಲ್ಲಿ ಓಡುವ ಹಗ್ಗ ಒಂದು. ಡಿಂಗಿಯ ಕಣ್ಣುಗಳಿಂದ ಮೇಲೆ ಬಂದು ಒಂದು ಉಂಗುರಕ್ಕೆ ಸೇರುವ ಹಗ್ಗ ಇನ್ನೊಂದು. ಎರಡನೆಯದಕ್ಕೆ ಬ್ರೈಡಲ್ ಅನ್ನುತ್ತಾರೆ.

ಓಡುವ ಹಗ್ಗಕ್ಕೆ ಪಾಲಿಯೆಸ್ಟರ್ ತಗೊಳ್ಳಿ, 10 ಎಂಎಂ. ಬಲಕ್ಕೆ 8 ಎಂಎಂ ಸಾಕಾಗಬಹುದು, ಆದರೆ ಒದ್ದೆ ಕೈಯಲ್ಲಿ ತೆಳು ಹಗ್ಗ ಹಿಡಿದು ಎಳೆಯಲು ಆಗುವುದಿಲ್ಲ. ನೈಲಾನ್ ಬೇಡ. ಲಂಗರಿಗೆ ನೈಲಾನ್ ಚೆನ್ನ, ಯಾಕೆಂದರೆ ಹಿಗ್ಗುತ್ತದೆ. ಇಲ್ಲಿ ಅದೇ ತೊಂದರೆ. ಡಿಂಗಿ ಮೇಲೆ ಕೆಳಗೆ ಕುಣಿಯುತ್ತಾ ಇರುತ್ತದೆ.

ಬ್ರೈಡಲ್‌ಗೆ ಡೈನೀಮಾ ಅನ್ನುವ ತುಂಬಾ ಗಟ್ಟಿಯಾದ ಸಿಂಥೆಟಿಕ್ ಹಗ್ಗ ಚೆನ್ನಾಗಿರುತ್ತದೆ. 6 ಎಂಎಂ ಡೈನೀಮಾ 3 ಟನ್‌ಗೂ ಜಾಸ್ತಿ ತಡೆಯುತ್ತದೆ. ಹಿಗ್ಗುವುದಿಲ್ಲ, ನೀರು ಕುಡಿಯುವುದಿಲ್ಲ. ಆದರೆ ಒಂದು ವಿಷಯ ಚೆನ್ನಾಗಿ ನೆನಪಿಡಿ. ಅದಕ್ಕೆ ಗಂಟು ಹಾಕಬೇಡಿ. ಆ ಹಗ್ಗ ತುಂಬಾ ನುಣುಪು. ಗಂಟು ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಬಲ ಹೋಗುತ್ತದೆ, ಕೆಲವೊಮ್ಮೆ ಗಂಟೇ ಜಾರಿ ಬಿಚ್ಚಿಕೊಳ್ಳುತ್ತದೆ. ಹಗ್ಗದ ತುದಿಯನ್ನು ಅದರದೇ ಹೊಟ್ಟೆಯೊಳಗೆ ತೂರಿಸಿ ಕುಣಿಕೆ ಮಾಡಬೇಕು. ಒಳಗೆ ಹೋಗುವ ಉದ್ದ ಹಗ್ಗದ ದಪ್ಪದ 72 ಪಟ್ಟು. 6 ಎಂಎಂಗೆ ಸುಮಾರು 43 ಸೆಂಟಿಮೀಟರ್ ಆಯಿತು. ಉದ್ದ ಜಾಸ್ತಿ ಅನಿಸುತ್ತದೆ, ಕಡಿಮೆ ಮಾಡಬೇಡಿ. ತುದಿಯನ್ನು ಓರೆಯಾಗಿ ಸಣ್ಣಗೆ ಮಾಡಿ ತೂರಿಸಿ. ಭಾರ ಇಲ್ಲದಾಗ ಹೊರಗೆ ಜಾರದಂತೆ ದಾರದಲ್ಲಿ ಹೊಲಿಗೆ ಹಾಕಿ. ಯೂಟ್ಯೂಬಿನಲ್ಲಿ ನೋಡಿ ಕಲಿಯಬಹುದು, ಕಷ್ಟ ಇಲ್ಲ.

ಕಣ್ಣಿನ ಕಬ್ಬಿಣ ಹಗ್ಗವನ್ನು ಉಜ್ಜುವ ಜಾಗದಲ್ಲಿ ಥಿಂಬಲ್, ಅಂದರೆ ಕುಣಿಕೆಯೊಳಗೆ ಕೂರುವ ಲೋಹದ ಬಳೆ, ಹಾಕಿ. ಕೂತು ಕೈಯಲ್ಲಿ ಸವರಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಣ್ಣಿಗೆ ಕಾಣದ ಸವೆತ ಬೆರಳಿಗೆ ಸಿಗುತ್ತದೆ.

ಬಲದ ಲೆಕ್ಕ

ಮಲ್ಪೆಯವರು ಹೇಳಿದ ಬ್ರೈಡಲ್‌ಗೆ ಒಂದು ಮಾತು ಸೇರಿಸುತ್ತೇನೆ. ಅದನ್ನು ಎಷ್ಟು ಎತ್ತರ ಮಾಡುತ್ತೀರಿ ಎಂಬುದು ಬಹಳ ಮುಖ್ಯ.

ಹಿಂದಿನ ಹಲಗೆಯ ಎರಡು ಕಣ್ಣುಗಳಿಂದ ಎರಡು ಕಾಲು ಮೇಲೆ ಬಂದು ಉಂಗುರಕ್ಕೆ ಸೇರುತ್ತವೆ. ಕಣ್ಣುಗಳ ನಡುವೆ 80 ಸೆಂಟಿಮೀಟರ್. ಉಂಗುರ 40 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಕಾಲುಗಳು 45 ಡಿಗ್ರಿಯಲ್ಲಿರುತ್ತವೆ. ಆಗ 85 ಕೆಜಿಗೆ ಒಂದೊಂದು ಕಾಲಿನಲ್ಲಿ ಸುಮಾರು 60 ಕೆಜಿ ಸೆಳೆತ. ಉಂಗುರವನ್ನು 20 ಸೆಂಟಿಮೀಟರಿಗೆ ಇಳಿಸಿದರೆ ಅದೇ ಭಾರಕ್ಕೆ ಒಂದೊಂದು ಕಾಲಿನಲ್ಲಿ 95 ಕೆಜಿ. ಇನ್ನೂ ತಗ್ಗಿಸಿದರೆ ಏರುತ್ತಲೇ ಹೋಗುತ್ತದೆ. ಕಾಲು ನೆಲಕ್ಕೆ 30 ಡಿಗ್ರಿಗೆ ಬಂದರೆ ಒಂದೊಂದು ಕಾಲೂ ಇಡೀ ಭಾರದಷ್ಟೇ ಸೆಳೆತ ಹೊರುತ್ತದೆ. ಡಿಂಗಿ ಇನ್ನೂ ಮೇಲೆ ಬರಲಿ ಅಂತ ಬ್ರೈಡಲ್ ಗಿಡ್ಡ ಮಾಡುವವರು ಇದನ್ನು ಗಮನಿಸಬೇಕು.

ಹಗ್ಗಕ್ಕೆ 95 ಕೆಜಿ ಲೆಕ್ಕವೇ ಅಲ್ಲ. ತೊಂದರೆ ಕಣ್ಣಿನ ಬೋಲ್ಟಿನದು. ಐ ಬೋಲ್ಟ್ ನೇರ ಎಳೆತಕ್ಕೆ ಮಾಡಿದ ವಸ್ತು. 45 ಡಿಗ್ರಿ ಓರೆಯಾಗಿ ಎಳೆದರೆ ಅದರ ಒಪ್ಪಿತ ಸಾಮರ್ಥ್ಯ ಮೂರನೇ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ಅದೂ ಕುತ್ತಿಗೆಯಲ್ಲಿ ಅಗಲ ಪಟ್ಟಿ ಇರುವ, ಪೂರ್ತಿ ಬಿಗಿದ ಬೋಲ್ಟ್‌ಗೆ. ಕಣ್ಣಿನ ಅಗಲ ಎಳೆತದ ದಿಕ್ಕಿಗೇ ಇರಬೇಕು, ಅಡ್ಡ ಇರಬಾರದು.

ಇನ್ನೊಂದು ವಿಷಯ. ನಿಮ್ಮ ಡೇವಿಟ್‌ಗಳ ಅಂತರ 1.8, ಡಿಂಗಿಯ ಕಣ್ಣುಗಳ ಅಂತರ 2.6. ಅಂದರೆ ಹಗ್ಗ ನೆಟ್ಟಗೆ ಇಳಿಯುವುದಿಲ್ಲ. ಎರಡೂ ಕಡೆ ಹೊರಕ್ಕೆ ಓರೆಯಾಗುತ್ತದೆ. ನೀರಿನ ಹತ್ತಿರ ಇದ್ದಾಗ ಓರೆ ಕಡಿಮೆ. ಮೇಲೆ ಎಳೆದಷ್ಟೂ ಓರೆ ಜಾಸ್ತಿ, ತೋಳಿನ ತುದಿಗಳನ್ನು ಅಕ್ಕಪಕ್ಕಕ್ಕೆ ಎಳೆಯುವ ಬಲವೂ ಜಾಸ್ತಿ. ಡೇವಿಟ್ ತೋಳು ಕೆಳಮುಖ ಭಾರಕ್ಕೆ ಮಾಡಿದ್ದು, ಪಕ್ಕದ ಎಳೆತಕ್ಕೆ ಅಲ್ಲ. ಎರಡು ತುದಿಗಳ ನಡುವೆ ಅಡ್ಡ ಪೈಪ್ ಇದೆಯಾ? ಇಲ್ಲದಿದ್ದರೆ ಹಾಕಿಸಿ. ಆಗ ಎರಡೂ ಕಡೆಯ ಎಳೆತ ಒಂದನ್ನೊಂದು ಹಿಡಿದುಕೊಳ್ಳುತ್ತದೆ.

ಕ್ವೀನ್ಸ್‌ಲ್ಯಾಂಡ್ ಹಾಯಿ

ನಾನು ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ದೋಣಿಯಲ್ಲೇ ವಾಸ ಇರುವವನು. ಊರು ಸಿರ್ಸಿ ಕಡೆ. ಎಲ್ಲರೂ ತೂಕ ಹೇಳಿದರು. ಮಳೆಯನ್ನು ಯಾರೂ ಹೇಳಲಿಲ್ಲ.

ಡೇವಿಟ್ ಮುರಿಯುವುದಕ್ಕೆ ದೊಡ್ಡ ಕಾರಣ ಡಿಂಗಿಯೂ ಅಲ್ಲ, ಮೋಟಾರೂ ಅಲ್ಲ. ನೀರು. ನಿಮ್ಮ ರಿಬ್ ಒಳಗಿನ ಜಾಗ ಸುಮಾರು 2.1 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ ಇದ್ದೀತು. ಅದರಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 157 ಲೀಟರ್. ಅಂದರೆ 157 ಕೆಜಿ. ಡಿಂಗಿ, ಮೋಟಾರ್, ಟ್ಯಾಂಕ್, ಲಂಗರು ಎಲ್ಲಾ ಸೇರಿದ್ದಕ್ಕಿಂತ ಜಾಸ್ತಿ. ಚೆಸಾಪೀಕ್ ಕಡೆ ಬೇಸಿಗೆಯ ಸಂಜೆ ಗುಡುಗು ಮಳೆ ಹೇಗೆ ಬರುತ್ತದೆ ಅಂತ ನಿಮಗೇ ಗೊತ್ತು. ಟ್ಯೂಬ್ ಮೇಲೆ ಬಿದ್ದ ಮಳೆಯೂ ಒಳಗೇ ಇಳಿಯುತ್ತದೆ. ನೀವು ದಡದಲ್ಲಿ ಊಟಕ್ಕೆ ಹೋಗಿದ್ದಾಗಲೋ, ವಾರವಿಡೀ ಆಫೀಸಿನಲ್ಲಿ ಇದ್ದಾಗಲೋ ಇದು ಆಗುತ್ತದೆ.

ಮತ್ತೆ ಆ ನೀರು ಸುಮ್ನೆ ನಿಲ್ಲುವುದಿಲ್ಲ. ದೋಣಿ ವಾಲಿದರೆ ತಗ್ಗಿನ ಕಡೆ ನುಗ್ಗುತ್ತದೆ. ಅಷ್ಟೂ ಭಾರ ಒಂದೇ ತೋಳಿಗೆ ಬೀಳುತ್ತದೆ.

ಆದ್ದರಿಂದ ಡಿಂಗಿ ನೀರು ಬಿಟ್ಟ ತಕ್ಷಣ ಹಿಂಭಾಗದಲ್ಲಿ ನೀರು ಹೋಗುವ ತೂತಿನ ಬಿರಡೆ ತೆಗೆಯಬೇಕು. ಮೂತಿ ಸ್ವಲ್ಪ ಮೇಲೆ, ಹಿಂಭಾಗ ಸ್ವಲ್ಪ ಕೆಳಗೆ ಇರುವಂತೆ ಕಟ್ಟಬೇಕು, ನೀರು ತೂತಿನ ಕಡೆಗೇ ಹರಿಯುವಂತೆ. ಎಲೆ, ಚೀಲ, ಹಗ್ಗದ ಚೂರು ತೂತಿಗೆ ಅಡ್ಡ ಬರುತ್ತವೆ. ಡಿಂಗಿಯಲ್ಲಿ ಅಂಥದ್ದೇನೂ ಬಿಡಬೇಡಿ. ಬಿರಡೆಯನ್ನು ದಾರ ಕಟ್ಟಿ, ಕಿಲ್ ಸ್ವಿಚ್ಚಿನ, ಅಂದರೆ ಮೋಟಾರನ್ನು ತಕ್ಷಣ ನಿಲ್ಲಿಸುವ ಸ್ವಿಚ್ಚಿನ, ಸುರುಳಿ ದಾರಕ್ಕೇ ಸಿಕ್ಕಿಸಿ. ಆಗ ಬಿರಡೆ ಮುಟ್ಟದೆ ಮೋಟಾರ್ ಸ್ಟಾರ್ಟ್ ಮಾಡಲು ಆಗುವುದಿಲ್ಲ.

ಆನಾಪೊಲಿಸ್ ಅಲೆ

ಮಳೆಯ ವಿಷಯ ಓದಿ ಎದೆ ಧಸಕ್ ಅಂತು. ದೋಣಿ ನಿಲ್ಲಿಸುವ ನಮ್ಮ ಮರಿನಾದಲ್ಲೇ ಹೊದಿಕೆ ಹಾಕಿದ ಡಿಂಗಿಗಳು ನೇತಾಡುತ್ತಿರುತ್ತವೆ. ಹೊದಿಕೆ ಹಾಕಿದರೆ ಬಿರಡೆ ತೆಗೆಯುವ ಅಗತ್ಯ ಇಲ್ಲವಾ?

ಕ್ವೀನ್ಸ್‌ಲ್ಯಾಂಡ್ ಹಾಯಿ

ಆಗಲೂ ತೆಗೆಯಬೇಕು. ಹೊದಿಕೆ ನಡುವೆ ತಗ್ಗಾಗಿ ಅಲ್ಲೇ ನೀರು ನಿಲ್ಲುತ್ತದೆ. ಭಾರ ಭಾರವೇ. ಹೊದಿಕೆ ಹಾಕುವುದಾದರೆ ಒಳಗಿನಿಂದ ಒಂದು ಕೋಲು ಕೊಟ್ಟು ಗುಡಾರದ ಹಾಗೆ ಎತ್ತರ ಮಾಡಿ.

ಟೊರೊಂಟೊ ಸರೋವರ

ನಾನು ಮೋಟಾರ್ ತೆಗೆಯುವ ಸಲಹೆಯನ್ನು ಪೂರ್ತಿ ಒಪ್ಪುವುದಿಲ್ಲ. 40 ಕೆಜಿ ಮೋಟಾರನ್ನು ಅಲುಗಾಡುವ ಡಿಂಗಿಯಲ್ಲಿ ನಿಂತು ಬಿಚ್ಚಿ, ಮೇಲಿನ ರೇಲಿಂಗಿಗೆ ಎತ್ತುವುದು ಸಣ್ಣ ಕೆಲಸವಲ್ಲ. ಬೆನ್ನು ಹೋಗುತ್ತದೆ, ಮೋಟಾರ್ ನೀರಿಗೆ ಬೀಳುತ್ತದೆ, ಇಲ್ಲ ಬೆರಳು ಸಿಕ್ಕಿಕೊಳ್ಳುತ್ತದೆ. ಪ್ರತಿ ಸಂಜೆ ಹೀಗೆ ಮಾಡಬೇಕು ಅಂದರೆ ಜನ ಏನು ಮಾಡುತ್ತಾರೆ? ಡಿಂಗಿಯನ್ನು ಎತ್ತುವುದನ್ನೇ ಬಿಟ್ಟು ನೀರಲ್ಲೇ ಕಟ್ಟಿ ಮಲಗುತ್ತಾರೆ. ಕೆರಿಬಿಯನ್ ಲಂಗರು ಜಾಗಗಳಲ್ಲಿ ಹಾಗೆ ಬಿಟ್ಟ ಡಿಂಗಿ ಬೆಳಿಗ್ಗೆ ಇರುತ್ತದೋ ಇಲ್ಲವೋ ಹೇಳಲಾಗದು. ಬೆಚ್ಚಗಿನ ನೀರಲ್ಲಿ ತಳಕ್ಕೆ ಪಾಚಿ, ಚಿಪ್ಪು ಬೇರೆ ಹಿಡಿಯುತ್ತದೆ.

ಡೇವಿಟ್ ಗಟ್ಟಿ ಇದ್ದರೆ, ಬುಡದಲ್ಲಿ ತಗಡು ಇದ್ದರೆ, ಶಾಂತ ಜಾಗದಲ್ಲಿ ರಾತ್ರಿ ಮೋಟಾರ್ ಸಮೇತ ಎತ್ತುವುದರಲ್ಲಿ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ.

ಬಲದ ಲೆಕ್ಕ

ನಿಮ್ಮ ಮಾತಿನಲ್ಲಿ ನಿಜ ಇದೆ ಸರ್. ಆದರೆ ಡೇವಿಟ್ ಗಟ್ಟಿ ಇದ್ದರೆ ಅನ್ನುವುದಕ್ಕೆ ಆಧಾರ ಬೇಕಲ್ವಾ? ಮೇಡಂ ಅವರ ಡೇವಿಟ್ ಎಷ್ಟಕ್ಕೆ ಮಾಡಿದ್ದು ಅಂತ ಬರೆದಿಲ್ಲ. ಇದ್ದರೂ ಅದು ಒಂದು ತೋಳಿಗೋ, ಜೋಡಿಗೋ ಅಂತ ಕೇಳಬೇಕು. ಜೋಡಿಗೆ 150 ಕೆಜಿ ಅಂದರೆ ಒಂದು ತೋಳಿಗೆ 75. ಅಲ್ಲಿಗೆ ನಮ್ಮ 85 ಮೀರಿತು, ಒಟ್ಟು ಬರೀ 120 ಇದ್ದರೂ.

ಸುರತ್ಕಲ್ ಡೆಕ್

ಇಬ್ಬರೂ ಸರಿ. ಮೋಟಾರನ್ನು ಕೈಯಲ್ಲಿ ಎತ್ತುವುದನ್ನು ನಾನೂ ಒಪ್ಪುವುದಿಲ್ಲ. ಹಿಂದಿನ ರೇಲಿಂಗ್ ಮೂಲೆಯಲ್ಲಿ ಮೋಟಾರಿಗೆ ಅಂತಲೇ ತಿರುಗುವ ಸಣ್ಣ ಕ್ರೇನ್ ಸಿಗುತ್ತದೆ. ಮೋಟಾರಿಗೆ ಹಿಡಿಕೆ ಇರುವ ಪಟ್ಟಿ ಕಟ್ಟಿ, ನಾಲ್ಕು ಪಟ್ಟು ಕಪ್ಪಿಯಲ್ಲಿ ಎತ್ತಿದರೆ ಒಬ್ಬರೇ ಮಾಡಬಹುದು. ಬಿಚ್ಚುವ ಮುಂಚೆ ಮೋಟಾರಿಗೆ ಇನ್ನೊಂದು ಹಗ್ಗ ಕಟ್ಟಿರಬೇಕು, ಅಷ್ಟೆ.

ನನ್ನ ಸಲಹೆ ಹೀಗೆ. ದೋಣಿ ಚಲಿಸುವಾಗ ಯಾವತ್ತೂ ಮೋಟಾರ್ ಡಿಂಗಿಯ ಮೇಲೆ ಇರಬಾರದು. ಲಂಗರು ಹಾಕಿದ ಶಾಂತ ರಾತ್ರಿಯ ಮಾತು ಬೇರೆ, ಅದನ್ನು ಡೇವಿಟ್ ಪರೀಕ್ಷೆ ಮಾಡಿದ ಮೇಲೆ ನಿರ್ಧರಿಸಿ.

ಪರೀಕ್ಷೆ ಹೇಗೆ ಅಂದರೆ, ಹಡಗಿನಲ್ಲಿ ಐದು ವರ್ಷಕ್ಕೊಮ್ಮೆ ಲೈಫ್‌ಬೋಟಿನ ಇಳಿಸುವ ಯಂತ್ರಕ್ಕೆ ಪೂರ್ಣ ಭಾರದ 1.1 ಪಟ್ಟು ಹಾಕಿ ನೋಡುತ್ತೇವೆ. ನೀವು ಕಟ್ಟೆಗೆ ಕಟ್ಟಿಕೊಂಡು, ಗಾಳಿ ಇಲ್ಲದ ದಿನ, ಡಿಂಗಿಗೆ 20 ಲೀಟರ್ ನೀರಿನ ಕ್ಯಾನ್‌ಗಳನ್ನು ತುಂಬಿ ಎತ್ತಿ ನೋಡಿ. ನೀರಿನಿಂದ ಒಂದು ಗೇಣು ಮೇಲೆ ಸಾಕು. ಬಿದ್ದರೂ ನೀರಿಗೇ ಬೀಳಬೇಕು, ಹತ್ತಿರ ಯಾರೂ ಇರಬಾರದು. ಒಂದು ಗಂಟೆ ಬಿಡಿ. ಎತ್ತುವ ಮುಂಚೆ ತೋಳಿನ ತುದಿ ಡೆಕ್ಕಿನಿಂದ ಎಷ್ಟು ಎತ್ತರ ಇತ್ತು, ಭಾರ ಬಿದ್ದಾಗ ಎಷ್ಟು ಬಗ್ಗಿತು, ಇಳಿಸಿದ ಮೇಲೆ ಹಳೆಯ ಜಾಗಕ್ಕೇ ಬಂತಾ ಅಂತ ಅಳೆದು ಬರೆದಿಡಿ. ವಾಪಸ್ ಬರದಿದ್ದರೆ ಎಲ್ಲೋ ಏನೋ ಶಾಶ್ವತವಾಗಿ ಬಗ್ಗಿದೆ ಅಂತ ಅರ್ಥ. ಆಮೇಲೆ ಬುಡದ ಸುತ್ತ ಜೆಲ್‌ಕೋಟಿನಲ್ಲಿ, ಅಂದರೆ ಫೈಬರ್‌ಗ್ಲಾಸಿನ ಹೊಳೆಯುವ ಹೊರಪದರದಲ್ಲಿ, ಕೂದಲೆಳೆಯ ಬಿರುಕು, ಬೋಲ್ಟಿನಿಂದ ಇಳಿದ ಕಂದು ಕಲೆ ನೋಡಿ. ಕಂದು ಕಲೆ ಅಂದರೆ ಒಳಗೆ ನೀರು ಹೋಗುತ್ತಿದೆ, ಬೋಲ್ಟ್ ಕಾಣದ ಜಾಗದಲ್ಲಿ ತಿನ್ನಿಸಿಕೊಳ್ಳುತ್ತಿದೆ. ಸ್ಟೇನ್‌ಲೆಸ್ ಗಾಳಿಯಿಲ್ಲದ ಒದ್ದೆ ಸಂದಿಯಲ್ಲಿ ತುಕ್ಕು ಹಿಡಿಯುತ್ತದೆ.

ಕಾವೇರಿ ಓದುಗ

ಹಾಯಿದೋಣಿ ಹತ್ತಿದವನಲ್ಲ, ಆದರೂ ಒಂದೇ ಉಸಿರಲ್ಲಿ ಓದಿದೆ. ಎತ್ತುವಾಗ ಯಾವ ಕಡೆ ಮೊದಲು ಎಳೆಯಬೇಕು? ಒಬ್ಬರೇ ಇದ್ದರೆ ಎರಡು ಹಗ್ಗ ಹೇಗೆ ಸಂಭಾಳಿಸುತ್ತಾರೆ?

ಕ್ವೀನ್ಸ್‌ಲ್ಯಾಂಡ್ ಹಾಯಿ

ಮೊದಲು ಡಿಂಗಿಯ ಮೂತಿಯ ಹಗ್ಗವನ್ನು ದೊಡ್ಡ ದೋಣಿಗೆ ಕಟ್ಟಿ. ಎತ್ತುವ ಹಗ್ಗ ಏನೇ ಆದರೂ ಡಿಂಗಿ ತೇಲಿ ಹೋಗಬಾರದು. ಆಮೇಲೆ ಎರಡೂ ಕಡೆ ಕೊಕ್ಕೆ ಹಾಕಿ, ಸಡಿಲ ತೆಗೆದು, ಡಿಂಗಿಯಿಂದ ಹೊರಗೆ ಬನ್ನಿ. ಮೂತಿಯನ್ನು ಒಂದು ಗೇಣು ಎತ್ತಿ. ಒಳಗಿನ ನೀರು ಹಿಂದಕ್ಕೆ ಬರುತ್ತದೆ. ಹಿಂಭಾಗ ನೀರು ಬಿಟ್ಟ ಮೇಲೆ ಬಿರಡೆ ತೆಗೆದು ನೀರು ಪೂರ್ತಿ ಹೋಗುವವರೆಗೆ ಕಾಯಿರಿ. ಕೈ ಎಟುಕದಿದ್ದರೆ ಎತ್ತುವ ಮುಂಚೆಯೇ ತೆಗೆದು ಬೇಗ ಎತ್ತಿ. ಆಮೇಲೆ ಒಂದು ಕಡೆ ಒಂದೆರಡು ಗೇಣು, ಕಟ್ಟು. ಇನ್ನೊಂದು ಕಡೆ ಒಂದೆರಡು ಗೇಣು, ಕಟ್ಟು. ಜಾಸ್ತಿ ಓರೆ ಆಗಲು ಬಿಡಬೇಡಿ.

ನಾಲ್ಕು ಪಟ್ಟು ಕಪ್ಪಿ ಇದ್ದರೆ 85 ಕೆಜಿಗೆ ಲೆಕ್ಕದಲ್ಲಿ 21 ಕೆಜಿ ಎಳೆತ ಸಾಕು. ಕಪ್ಪಿಯ ತಿಕ್ಕಾಟ ಸೇರಿ ಕೈಗೆ 25ರ ಮೇಲೆ ಸಿಗುತ್ತದೆ. ಕಷ್ಟ ಆದರೆ ಆರು ಪಟ್ಟಿನದು ಹಾಕಿಸಿ. ಕಪ್ಪಿ ತಿರುಗುವ ತಲೆಯದು ಬೇಡ. ಹಗ್ಗಗಳು ಒಂದಕ್ಕೊಂದು ಸುತ್ತಿಕೊಂಡು ಇಳಿಸುವಾಗ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಕಪ್ಪಿಯಲ್ಲಿ ಹಲ್ಲಿನ ಕ್ಲೀಟ್ ಇರುತ್ತದೆ, ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಎಳೆಯುವಾಗ ಅದು ಅನುಕೂಲ. ಆದರೆ ಅದರ ಮೇಲೆ ಡಿಂಗಿ ಬಿಟ್ಟು ಮಲಗಬೇಡಿ. ಯಾರದ್ದೋ ಭುಜ ತಗುಲಿದರೆ ಬಿಚ್ಚಿಕೊಳ್ಳುತ್ತದೆ. ಡೇವಿಟ್ ತೋಳಿನ ಮೇಲೆ ಕೊಂಬಿನ ಕ್ಲೀಟ್ ಇರಬೇಕು, ಅಲ್ಲಿ ಸುತ್ತಿ ಕಟ್ಟಬೇಕು. ಇಳಿಸುವಾಗಲೂ ಕೊಂಬಿಗೆ ಒಂದು ಸುತ್ತು ಇಟ್ಟುಕೊಂಡೇ ಹಗ್ಗ ಬಿಡಿ. ಬರಿಗೈಯಲ್ಲಿ ಓಡಿದ ಹಗ್ಗ ಅಂಗೈ ಸುಡುತ್ತದೆ, ಸುಟ್ಟ ನೋವಿಗೆ ಕೈ ಬಿಡುತ್ತೀರಿ, ಡಿಂಗಿ ಒಂದು ಕಡೆ ಬೀಳುತ್ತದೆ.

ಮಲ್ಪೆ ದಕ್ಕೆ

ಕೊಕ್ಕೆಯ ಬಗ್ಗೆ ಒಂದು ಮಾತು. ಹಾರ್ಡ್‌ವೇರ್ ಅಂಗಡಿಯ ಸ್ಪ್ರಿಂಗ್ ಕೊಕ್ಕೆ ಬೇಡ. ಡಿಂಗಿ ಕುಣಿದಾಗ ಉಂಗುರ ತಿರುಗಿ ಅದರ ಬಾಗಿಲನ್ನೇ ಒತ್ತಿ ತೆರೆದುಬಿಡುತ್ತದೆ. ತಿರುಪು ಶ್ಯಾಕಲ್, ಅಂದರೆ ತಿರುಪಿನ ಪಿನ್ನಿಂದ ಮುಚ್ಚುವ ಯು ಆಕಾರದ ಕೊಂಡಿ, ಹಾಕಿ, ಪಿನ್ನಿಗೆ ತಂತಿ ಸುತ್ತಿ. ದಿನಾ ಬಿಚ್ಚಿ ಹಾಕಬೇಕು ಅನ್ನುವ ಕಡೆ ಬಾಗಿಲು ಲಾಕ್ ಆಗುವ ಒಳ್ಳೆಯ ಕೊಕ್ಕೆ ತಗೊಳ್ಳಿ, ಅದರ ಮೇಲೆ ಕೆಲಸದ ಭಾರ ಕೊರೆದಿರಬೇಕು. ಅಂಗಡಿಯವರು ತುಂಡಾಗುವ ಭಾರ ಹೇಳುತ್ತಾರೆ. ನೀವು ಕೆಲಸದ ಭಾರ ಕೇಳಿ. ಎರಡಕ್ಕೂ ಐದು ಪಟ್ಟು ವ್ಯತ್ಯಾಸ ಇರುವುದುಂಟು.

ಮೂತಿಯ ಹೊರಗಡೆ ಕೆಳಗೆ ಒಂದು ಉಂಗುರ ಇರುತ್ತದೆ. ಅದು ಡಿಂಗಿಯನ್ನು ಹಿಂದೆ ಕಟ್ಟಿ ಎಳೆಯುವುದಕ್ಕೆ. ಅದರಿಂದ ಎತ್ತಬೇಡಿ. ಟ್ಯೂಬಿಗೆ ಅಂಟಿಸಿದ ಡಿ ಆಕಾರದ ಉಂಗುರಗಳೂ ಎತ್ತುವುದಕ್ಕಲ್ಲ. ಬಿಸಿಲಲ್ಲಿ ಅಂಟು ಮೆತ್ತಗಾಗಿ ಒಂದು ದಿನ ಸಿಪ್ಪೆಯಂತೆ ಎದ್ದು ಬರುತ್ತದೆ.

ಆನಾಪೊಲಿಸ್ ಅಲೆ

ಬಹಳ ಬಹಳ ಥ್ಯಾಂಕ್ಸ್. ಎಲ್ಲಾ ಓದಿ ಕೆಲಸ ಶುರು ಮಾಡಿದೆವು. ಹಿಂದಿನ ಲಾಕರ್ ಖಾಲಿ ಮಾಡಿ ಒಳಗೆ ಇಳಿದು ನೋಡಿದರೆ, ಬಲದ ಲೆಕ್ಕದವರು ಹೆದರಿದ್ದೇ ಇತ್ತು. ಒಂದು ಡೇವಿಟ್ ಹಿಂದೆ ತಗಡು ಇದೆ, ಇನ್ನೊಂದಕ್ಕೆ ಬರೀ ವಾಷರ್. ಎರಡೂ ಕಡೆ 6 ಎಂಎಂ ದಪ್ಪದ 316 ಸ್ಟೇನ್‌ಲೆಸ್ ತಗಡು ಹಾಕಿಸಿ, ಬೋಲ್ಟ್ ಹೊಸದು ಹಾಕಿ, ಸೀಲ್ ಮಾಡಿಸಿದೆವು. ತುದಿಗಳ ನಡುವೆ ಅಡ್ಡ ಪೈಪ್ ಬೆಸುಗೆ ಹಾಕಿಸಿದೆವು. ಡೈನೀಮಾ ಬ್ರೈಡಲ್ ನಾನೇ ಹೆಣೆದೆ, 43 ಸೆಂಟಿಮೀಟರ್ ಒಳಗೆ ತೂರಿಸಿ. ಉಂಗುರ 45 ಸೆಂಟಿಮೀಟರ್ ಎತ್ತರದಲ್ಲಿದೆ, ಮೋಟಾರಿನ ತಲೆಗೆ ತಾಗುವುದಿಲ್ಲ.

ನೀರಿನ ಕ್ಯಾನ್ ಹಾಕಿ ಪರೀಕ್ಷೆಯೂ ಆಯಿತು. ತೋಳು ಸ್ವಲ್ಪ ಬಗ್ಗಿತು, ಇಳಿಸಿದಾಗ ಹಳೆಯ ಗುರುತಿಗೇ ಬಂತು. ಆದರೂ ಯಜಮಾನರು ಮೋಟಾರಿಗೆ ಬೇರೆ ಕ್ರೇನ್ ಹಾಕಿಸಿಯೇ ಸಿದ್ಧ ಅಂದರು, ಹಾಕಿಸಿದೆವು. 85, 33 ಎಂಬ ಆ ಎರಡು ಅಂಕಿಗಳನ್ನು ಅವರು ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾರೆ.

ಈಗ ಉಳಿದ ಸಮಸ್ಯೆ ತೂಗಾಟ. ಪಕ್ಕದಲ್ಲಿ ಸ್ಪೀಡ್ ಬೋಟ್ ಹೋದರೆ ಡಿಂಗಿ ಅತ್ತಿತ್ತ ತೂಗುತ್ತದೆ, ಡೇವಿಟ್ ಕಿರಗುಟ್ಟುತ್ತದೆ.

ಕ್ವೀನ್ಸ್‌ಲ್ಯಾಂಡ್ ಹಾಯಿ

ನೇತಾಡಲು ಬಿಟ್ಟರೆ ಎಂಥ ಡೇವಿಟ್ ಆದರೂ ಒಂದಲ್ಲ ಒಂದು ದಿನ ಸೋಲುತ್ತದೆ. ಒಂದೇ ಸಲದ ದೊಡ್ಡ ಭಾರಕ್ಕಿಂತ ಸಾವಿರ ಸಲದ ಸಣ್ಣ ತೂಗಾಟ ಲೋಹವನ್ನು, ಬೆಸುಗೆಯನ್ನು ಬೇಗ ದಣಿಸುತ್ತದೆ.

ಡಿಂಗಿಯನ್ನು ತೋಳುಗಳಿಗೆ ಒತ್ತಿಕೊಳ್ಳುವಷ್ಟು ಮೇಲೆ ತನ್ನಿ, ನಡುವೆ ಫೋಮ್ ಅಥವಾ ಚಪ್ಪಟೆ ಫೆಂಡರ್ (ದೋಣಿ ಉಜ್ಜದಂತೆ ಇಡುವ ಮೆತ್ತೆ) ಇಡಿ. ಆಮೇಲೆ ಅಗಲ ಪಾಲಿಯೆಸ್ಟರ್ ಪಟ್ಟಿಯನ್ನು ಡಿಂಗಿಯ ಹೊಟ್ಟೆಯ ಕೆಳಗಿನಿಂದ ಸುತ್ತಿ ಡೇವಿಟ್ ಬುಡಕ್ಕೆ ಬಿಗಿಯಿರಿ, ಎರಡೂ ಕಡೆ. ಇದು ಹಿಂದೆ ಮುಂದೆ ತೂಗುವುದನ್ನು ತಡೆಯುತ್ತದೆ. ಎಡಬಲ ಜಾರುವುದಕ್ಕೆ ಇನ್ನೆರಡು ಹಗ್ಗ ಬೇಕು. ಡಿಂಗಿಯ ಮೂತಿಯಿಂದ ಆಚೆ ಕಡೆಯ ಡೇವಿಟ್ ಬುಡಕ್ಕೆ ಒಂದು, ಹಿಂಭಾಗದಿಂದ ಮೂತಿಯ ಕಡೆಯ ಬುಡಕ್ಕೆ ಒಂದು. ಕತ್ತರಿ ಆಕಾರ ಆಗುತ್ತದೆ. ಕೈಯಿಂದ ತಳ್ಳಿ ನೋಡಿ. ಡಿಂಗಿ ತಳ್ಳಿದರೆ ದೊಡ್ಡ ದೋಣಿಯೇ ಅಲುಗಬೇಕು, ಅಷ್ಟು ಬಿಗಿ ಬೇಕು. ಪಟ್ಟಿ ಟ್ಯೂಬಿಗೆ ಉಜ್ಜುವ ಜಾಗದಲ್ಲಿ ಹಳೆಯ ಫೈರ್‌ಹೋಸಿನ ತುಂಡು ಹಾಕಿ.

ಹೀಗೆ ಬಿಗಿದರೂ ಇದು ಕೊಲ್ಲಿಯ ಓಡಾಟಕ್ಕೆ, ಕಾಲುವೆಯ ದಾರಿಗೆ. ಚೆಸಾಪೀಕ್ ಆಳ ಕಡಿಮೆ, ಸರಾಸರಿ ಆರು ಮೀಟರ್ ಚಿಲ್ಲರೆ. ಅಲೆ ಗಿಡ್ಡ, ಕಡಿದು. ಆದರೂ ಹಿಂದಿನಿಂದ ಬಂದು ಡಿಂಗಿಯನ್ನು ತುಂಬುವಷ್ಟು ಎತ್ತರ ಅಪರೂಪ. ಫ್ಲಾರಿಡಾದಿಂದ ಬಹಾಮಾಸ್‌ಗೆ ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹ ದಾಟುವಾಗ ಮಾತೇ ಬೇರೆ. ಅಲ್ಲಿ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಗಾಳಿ ಉತ್ತರದಿಂದ ಬೀಸಿದರೆ ಎರಡೂ ಎದುರಾಗಿ ಅಲೆ ಗೋಡೆಯಂತೆ ಏಳುತ್ತದೆ. ಹಿಂದಿನ ಒಂದು ಅಲೆ ಡಿಂಗಿಯೊಳಗೆ ಇಳಿದರೆ ಬಿರಡೆಯ ತೂತು ಅಷ್ಟು ನೀರನ್ನು ಬೇಗ ಬಿಡುವುದಿಲ್ಲ. ಒಳ್ಳೆಯ ಹವಾಮಾನ ಕಾದು ದಾಟಿ. ದಾಟುವ ಮುಂಚೆ ಡಿಂಗಿಯನ್ನು ಡೇವಿಟ್‌ನಿಂದ ಇಳಿಸಿ, ಹಾಯಿದೋಣಿಯ ಮುಂದಿನ ಡೆಕ್ ಮೇಲೆ ಬೋರಲು ಹಾಕಿ ಕಟ್ಟಿ. ಜಾಗ ಸಾಲದಿದ್ದರೆ ಟ್ಯೂಬಿನ ಗಾಳಿ ತೆಗೆಯಿರಿ.

ಟೊರೊಂಟೊ ಸರೋವರ

ಇದನ್ನು ನಾನೂ ಒಪ್ಪುತ್ತೇನೆ. ತೆರೆದ ಸಮುದ್ರಕ್ಕೆ ಡೇವಿಟ್ ಮೇಲೆ ಬೇಡ.

ಆನಾಪೊಲಿಸ್ ಅಲೆ

ಸರಿ, ಹಾಗೇ ಮಾಡುತ್ತೇವೆ. ಮುಂದಿನ ಡೆಕ್ ಅಳೆದೆ, ಮೂತಿಯ ಟ್ಯೂಬ್ ಸ್ವಲ್ಪ ಮೆತ್ತಗೆ ಮಾಡಿದರೆ ಹಿಡಿಯುತ್ತದೆ. ಡೇವಿಟ್ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆಯೂ ಇತ್ತು. ಅದರ ಬಗ್ಗೆ ಏನಾದರೂ ಹೇಳುವುದಿದೆಯಾ?

ಬಲದ ಲೆಕ್ಕ

ಪ್ಯಾನೆಲ್ ತೂಕ ಚಿಕ್ಕದು. ಗಾಳಿ ಕೆಳಗಿನಿಂದ ಎತ್ತುವ ಬಲ ದೊಡ್ಡದು. ಈಗಿನ ಬುಡಕ್ಕೆ ಡಿಂಗಿ, ಪ್ಯಾನೆಲ್ ಎರಡನ್ನೂ ಹೇರಬೇಡಿ. ಪ್ಯಾನೆಲ್‌ಗೆ ಬೇರೆ ಕಂಬ ಕೊಟ್ಟು ಮೇಲೆ ಕಮಾನು ಮಾಡಿಸುವುದಾದರೆ ಅಳತೆ ಕಳಿಸಿ, ನೋಡೋಣ.

ಸುರತ್ಕಲ್ ಡೆಕ್

ಅಕ್ಕಾ, ಹೊರಡುವ ಮುಂಚೆ ಒಂದು ಕೆಲಸ ಬಾಕಿ ಇದೆ. ಡಿಂಗಿ ಮೇಲೆ ಕಟ್ಟಿದಾಗ ನಿಮ್ಮ ಹಿಂದಿನ ಬಿಳಿ ದೀಪ ಕಾಣುತ್ತದಾ? ಬಹಳ ದೋಣಿಗಳಲ್ಲಿ ಆ ದೀಪ ಹಿಂದಿನ ರೇಲಿಂಗ್ ಮೇಲೆ ಇರುತ್ತದೆ, ಡಿಂಗಿ ಸರಿಯಾಗಿ ಅದರ ಮುಂದೆಯೇ ಬಂದು ಮುಚ್ಚುತ್ತದೆ. ನಿಯಮದ ಪ್ರಕಾರ ಆ ದೀಪ ಹಿಂದಿನಿಂದ 135 ಡಿಗ್ರಿ ಅಗಲಕ್ಕೆ ಕಾಣಬೇಕು, ಕನಿಷ್ಠ 2 ನಾಟಿಕಲ್ ಮೈಲಿ ದೂರಕ್ಕೆ. ರಾತ್ರಿ ನಿಮ್ಮ ಹಿಂದೆ ಬರುವ ಹಡಗಿನ ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನನ್ನಂಥವನೊಬ್ಬ ನಿಂತಿರುತ್ತಾನೆ. ಬಾಲ್ಟಿಮೋರ್ ಬಂದರಿಗೆ ಹೋಗಿಬರುವ ದೊಡ್ಡ ಹಡಗುಗಳೆಲ್ಲಾ ನಿಮ್ಮ ಕೊಲ್ಲಿಯಲ್ಲೇ ಓಡಾಡುತ್ತವೆ. ನಮಗೆ ಹಿಂದಿನಿಂದ ಕಾಣುವುದು ಆ ಒಂದು ದೀಪ ಮಾತ್ರ.

ಕತ್ತಲಾದ ಮೇಲೆ ಡಿಂಗಿ ಕಟ್ಟಿ, ದೀಪ ಹಾಕಿ, ಒಬ್ಬರು ಕಟ್ಟೆಯ ಮೇಲೆ ನಡೆದು ಎಲ್ಲಾ ಕೋನದಿಂದ ನೋಡಿ. ಮುಚ್ಚಿದರೆ ದೀಪವನ್ನು ಆ ಹೊಸ ಅಡ್ಡ ಪೈಪಿನ ಹೊರತುದಿಗೆ ಸರಿಸಿ.

ಆನಾಪೊಲಿಸ್ ಅಲೆ

ಇವತ್ತು ರಾತ್ರಿ ನೋಡಿದೆವು. ಎಡಗಡೆಯಿಂದ ಕಾಣುತ್ತದೆ, ಬಲಗಡೆಯಿಂದ ಪೂರ್ತಿ ಮುಚ್ಚಿದೆ. ನಾಳೆ ವೈರ್ ತಂದು ಅಡ್ಡ ಪೈಪಿಗೆ ಬದಲಿಸುತ್ತೇವೆ. ವೈರನ್ನು ಪೈಪಿನೊಳಗೆ ತೂರಿಸುವುದಾದರೆ ತೂತನ್ನು ಯಾವ ಕಡೆ ಕೊರೆದರೆ ಪೈಪಿನ ಬಲ ಕಡಿಮೆ ಆಗುವುದಿಲ್ಲ?

ಬಲದ ಲೆಕ್ಕ

ಬೆಸುಗೆಯಿಂದ ಒಂದು ಅಂಗೈ ಅಗಲ ದೂರ ಬಿಟ್ಟು ಕೊರೆಯಿರಿ. ಅಡ್ಡ ಪೈಪಿನಲ್ಲೇ ಕೊರೆಯಿರಿ, ಡೇವಿಟ್ ತೋಳಿನಲ್ಲಿ ಬೇಡ. ತೂತು ಪೈಪಿನ ಪಕ್ಕದಲ್ಲಿರಲಿ, ಮೇಲೆ ಅಥವಾ ಕೆಳಗೆ ಬೇಡ. ಅಂಚನ್ನು ಅರದಿಂದ ನುಣುಪು ಮಾಡಿ ರಬ್ಬರ್ ಬಳೆ ಹಾಕಿ, ಇಲ್ಲದಿದ್ದರೆ ವೈರ್ ಕತ್ತರಿಸುತ್ತದೆ. ಪೈಪಿನ ತೀರಾ ತಗ್ಗಿನಲ್ಲಿ ನೀರು ಸೋರಲು ಇನ್ನೊಂದು ಸಣ್ಣ ತೂತು ಇರಲಿ.